ಮರ ಯಾಕೆ ಬಗ್ಗಬೇಕು?

“ಮರಿ ಇದ್ರೆ ಹೇಳಿ ಸಾರ್. ದೊಡ್ಡದಾದ್ರೆ ಬೇಡ.”

ದೆಹಲಿ ಕರ್ನಾಟಕ ಸಂಘದಲ್ಲಿ ನಾಟಕ ನೋಡಿ ಹೊರಬಂದು ಕಾಫಿ ಲೋಟ ಹಿಡಿದು ನಿಂತಾಗ, ನೋಯ್ಡಾದ ನಮ್ಮ ಸೊಸೈಟಿಯ ಲಿಫ್ಟಿನಲ್ಲಿ, ಯಾರದೋ ಮನೆಯ ಸತ್ಯನಾರಾಯಣ ಪೂಜೆಯ ಊಟದ ಪಂಕ್ತಿಯಲ್ಲಿ, ಈ ಮಾತು ಕಿವಿಗೆ ಬೀಳದ ತಿಂಗಳು ನನಗಿಲ್ಲ. ಬೀದಿಪಾಲಾದ ನಾಯಿಗಳಿಗೆ ಮನೆ ಹುಡುಕುವ ನಾಲ್ಕೈದು ಜನರ ಗುಂಪಿನಲ್ಲಿ ಇವನೂ ಇದ್ದಾನೆ ಎಂದು ಗೊತ್ತಾದವರೆಲ್ಲ ಹೀಗೇ ಶುರು ಮಾಡುತ್ತಾರೆ. “ಒಂಬತ್ತು ವರ್ಷದ್ದೊಂದಿದೆ, ಬಹಳ ಸಾಧು” ಎಂದರೆ ಮುಖ ಸಣ್ಣದಾಗುತ್ತದೆ. ಬೇಡ ಎನ್ನಲು ಸಂಕೋಚ. ಆಗ ನೆರವಿಗೆ ಗಾದೆ ಬರುತ್ತದೆ: ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?

ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎನ್ನುವವರ ನಡುವೆಯೇ ನಾನು ಬೆಳೆದವನು. ಆದರೂ ನಾಯಿಯ ಮಟ್ಟಿಗೆ ಈ ಗಾದೆ ಸುಳ್ಳು. ಸುಳ್ಳು ಮಾತ್ರವಲ್ಲ, ಕೇಡು ಮಾಡುವ ಸುಳ್ಳು. ಮರಿಯಿಂದ ಸಾಕಿದರೇ ನಾಯಿ ನಮ್ಮದಾಗುತ್ತದೆ, ಬೆಳೆದದ್ದು ಒಗ್ಗುವುದಿಲ್ಲ, ಕಲಿಯುವುದಿಲ್ಲ, ಖರ್ಚು ಜಾಸ್ತಿ, ಬೇಗ ಸಾಯುತ್ತದೆ ಎಂಬ ನಂಬಿಕೆ ಈ ರಾಜಧಾನಿಯಲ್ಲಿ ಎಷ್ಟು ಗಟ್ಟಿಯಾಗಿದೆಯೆಂದರೆ, ನಾಯಿಗಳನ್ನು ಪ್ರೀತಿಸುತ್ತೇವೆ ಎನ್ನುವವರೂ ಅದನ್ನು ಪ್ರಶ್ನಿಸುವುದಿಲ್ಲ. ಒಂದೊಂದಾಗಿ ನೋಡೋಣ.

ಮೊದಲು ಒಂದು ಲೆಕ್ಕ. ಇವತ್ತು ಮನೆಯಿಲ್ಲದೆ ಕೂತಿರುವ ಒಂಬತ್ತು ವರ್ಷದ ನಾಯಿ ಬಂದದ್ದೆಲ್ಲಿಂದ? ಕಳೆದ ಚಳಿಗಾಲದಲ್ಲಿ ನಮ್ಮ ಸೊಸೈಟಿಯ ಹಿಂದಿನ ಗೇಟಿನ ಹತ್ತಿರ ಒಂದು ಕರಿ ನಾಯಿ ಬಂದು ಕೂತಿತು. ಗಾರ್ಡುಗಳು ಅದಕ್ಕೆ ಕಾಲೂ ಎಂದು ಹೆಸರಿಟ್ಟರು. ದೆಹಲಿಯಲ್ಲಿ ಕಪ್ಪಗಿರುವ ನಾಯಿಗಳೆಲ್ಲ ಕಾಲೂಗಳೇ, ಕಂದಾಗಿರುವವೆಲ್ಲ ಭೂರಾಗಳೇ. ಅದರ ಕುತ್ತಿಗೆಯಲ್ಲಿ ಬೆಲ್ಟ್ ಇರಲಿಲ್ಲ. ಆದರೆ ಬೆಲ್ಟ್ ಇದ್ದ ಜಾಗದಲ್ಲಿ ಕೂದಲು ಸವೆದು ಒಂದು ಉಂಗುರ ಉಳಿದಿತ್ತು. “ಬೈಠ್” ಎಂದರೆ ಕೂರುತ್ತಿತ್ತು. ಕಾರಿನ ಬಾಗಿಲು ತೆಗೆದ ಸದ್ದಾದರೆ ಎದ್ದು ನಿಂತು ನೋಡುತ್ತಿತ್ತು, ಬೇರೆ ಯಾರೋ ಇಳಿದರೆ ಮತ್ತೆ ಕೂರುತ್ತಿತ್ತು. ವೈದ್ಯರು ಹಲ್ಲು ನೋಡಿ, ಮಬ್ಬಾಗತೊಡಗಿದ ಕಣ್ಣುಗೊಂಬೆ ನೋಡಿ ವಯಸ್ಸು ಹೇಳಿದರು. ಒಂಬತ್ತು, ಹೆಚ್ಚೆಂದರೆ ಹತ್ತು.

ಅಂದರೆ ಆ ನಾಯಿಯನ್ನೂ ಯಾರೋ ಮರಿಯಿಂದಲೇ ಸಾಕಿದ್ದರು. ಮುದ್ದಾಗಿದ್ದಾಗ ಮಡಿಲಲ್ಲಿಟ್ಟುಕೊಂಡಿದ್ದರು, ಫೋಟೊ ತೆಗೆದಿದ್ದರು, ಕೂರುವುದನ್ನು ಕಲಿಸಿದ್ದರು. ಗಿಡವಾಗಿದ್ದಾಗಲೇ ಬಗ್ಗಿಸಿದ್ದರು. ಅದು ಬಗ್ಗಿತ್ತು ಕೂಡ. ಆಮೇಲೆ ವರ್ಗವಾಯಿತೋ, ಮಗು ಹುಟ್ಟಿತೋ, ಮನೆ ಮಾಲೀಕ ಬೇಡವೆಂದನೋ, ನಾಯಿಗೆ ಕಾಲುನೋವು ಬಂತೋ, ಗೇಟಿನ ಹತ್ತಿರ ಇಳಿಸಿ ಹೋದರು. ಮನೆಯಿಂದ ಬೀದಿಗೆ ಬಿದ್ದ ಪ್ರತಿಯೊಂದು ಮುದಿ ನಾಯಿಯ ಹಿಂದೆಯೂ ‘ಮರಿಯಾದರೆ ಮಾತ್ರ’ ಎಂದಿದ್ದ ಒಬ್ಬ ಮನುಷ್ಯ ಇದ್ದಾನೆ. ಮರಿಯಿಂದ ಸಾಕಿದರೆ ನಂಟು ಗಟ್ಟಿ ಎಂಬ ವಾದಕ್ಕೆ ಇದಕ್ಕಿಂತ ದೊಡ್ಡ ಉತ್ತರ ಬೇಕೆ? ನಂಟು ನಾಯಿಯ ಕಡೆಯಿಂದ ಗಟ್ಟಿಯಾಗಿಯೇ ಇತ್ತು. ಹರಿದದ್ದು ಇನ್ನೊಂದು ತುದಿಯಲ್ಲಿ.

ಹಾಗೆ ಬಿಟ್ಟುಹೋಗುವುದು ಅಪರಾಧ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್, ಹಸಿವು ಬಾಯಾರಿಕೆಯಿಂದ ನರಳುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ತೊರೆಯುವುದನ್ನು ಕ್ರೌರ್ಯ ಎಂದೇ ಕರೆಯುತ್ತದೆ. ಮೊದಲ ಸಲದ ಅಪರಾಧಕ್ಕೆ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ಲಾಜಪತ್ ನಗರದಲ್ಲಿ ಒಂದು ಪ್ಲೇಟ್ ಮೋಮೋಗೆ ಸಾಲದ ದುಡ್ಡು. ಕಾನೂನೇ ಇಷ್ಟು ಅಗ್ಗಕ್ಕೆ ಬಿಡುಗಡೆ ಕೊಡುವಾಗ ಕಟ್ಟಿಹಾಕಬೇಕಾದ್ದು ನಾವು ಮನಸ್ಸಿನಲ್ಲಿ ಬೆಳೆಸಿಕೊಂಡ ಅಭ್ಯಾಸವನ್ನು. ಆ ಅಭ್ಯಾಸದ ಹೆಸರು ಮರಿಮೋಹ.

ಇನ್ನು ‘ಬೆಳೆದ ನಾಯಿ ಹೊಸಬರಿಗೆ ಒಗ್ಗುವುದಿಲ್ಲ’ ಎಂಬ ಮಾತು. ಕನ್ನಡಿಗರ ಬಾಯಲ್ಲಿ ಇದು ಬಂದಾಗಲೆಲ್ಲ ನನಗೆ ಸೋಜಿಗ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಒಂದು ಶಾಸನದ ಕಲ್ಲಿದೆ. ಮಂಡ್ಯ ಜಿಲ್ಲೆಯ ಆತಕೂರಿನದು, ಹತ್ತನೆಯ ಶತಮಾನದ್ದು. ಒಂದು ನಾಯಿಯೂ ಒಂದು ಕಾಡುಹಂದಿಯೂ ಎದುರುಬದುರಾಗಿ ಕಾದುವ ಚಿತ್ರ ಅದರ ಮೇಲಿದೆ. ತಕ್ಕೋಲದ ಯುದ್ಧದಲ್ಲಿ ಚೋಳರ ವಿರುದ್ಧ ಕಾದಿದ ಮಣಲೆರನೆಂಬ ವೀರನ ಶೌರ್ಯಕ್ಕೆ ಮೆಚ್ಚಿ ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣ ಬೇಕಾದ್ದು ಕೇಳು ಎಂದನಂತೆ. ಮಣಲೆರ ಕೇಳಿದ್ದು ದೊರೆಯ ಬೇಟೆನಾಯಿಯನ್ನು. ಅದರ ಹೆಸರು ಕಾಳಿ. ಮುಂದೆ ಆ ಕಾಳಿ ಬೆಳತೂರಿನ ಬಳಿ ಹಂದಿಯೊಂದಿಗೆ ಹೋರಾಡಿತು, ಎರಡೂ ಸತ್ತವು. ಮಣಲೆರ ಕಲ್ಲು ನಿಲ್ಲಿಸಿದ, ಅದರ ಪೂಜೆಗೆಂದು ಭೂಮಿ ಬಿಡಿಸಿದ.

ಶಾಸನ ಓದಿದವರೆಲ್ಲ ನಾಯಿಯ ಶೌರ್ಯವನ್ನು ಹೊಗಳುತ್ತಾರೆ. ನಾನು ಗಮನಿಸುವುದು ಬೇರೆ. ಕಾಳಿ ಮರಿಯಲ್ಲ. ಹೆಸರು ಪಡೆದು, ಬೇಟೆ ಕಲಿತು, ದೊರೆಯ ಬಳಿ ಬೆಳೆದು, ಗುಣವೆಲ್ಲ ಗೊತ್ತಾದ ಮೇಲೆ ಮನೆ ಬದಲಿಸಿದ ನಾಯಿ. ಅದರ ಗುಣ ಗೊತ್ತಿದ್ದುದರಿಂದಲೇ ಮಣಲೆರ ಅದನ್ನು ಕೇಳಿದ. ಸಾವಿರ ವರ್ಷದ ಹಿಂದೆ ಒಬ್ಬ ಕನ್ನಡ ವೀರನಿಗೆ ಹೊಳೆದದ್ದು ಇಂದು ಗುರುಗ್ರಾಮದ ಮೂವತ್ತನೇ ಮಹಡಿಯಲ್ಲಿ ಕೂತವರಿಗೆ ಹೊಳೆಯುವುದಿಲ್ಲ. ಮರಿಯ ಸ್ವಭಾವ ಏನೆಂದು ಬ್ರಹ್ಮನಿಗೂ ಗೊತ್ತಿಲ್ಲ. ಮಕ್ಕಳನ್ನು ಕಂಡರೆ ಹೇಗೆ, ಬೆಕ್ಕು ಕಂಡರೆ ಹೇಗೆ, ಒಂಟಿಯಾಗಿ ಬಿಟ್ಟರೆ ಊಳಿಡುತ್ತದೆಯೇ, ಎಷ್ಟು ದೊಡ್ಡದಾಗುತ್ತದೆ, ಇದೆಲ್ಲ ಒಂಬತ್ತು ವರ್ಷದ ನಾಯಿಯಲ್ಲಿ ಕಣ್ಣಿಗೆ ಕಾಣುತ್ತದೆ. ನೋಡಿ ತರಬಹುದಾದದ್ದನ್ನು ಬಿಟ್ಟು ಲಾಟರಿ ಚೀಟಿ ಕೊಳ್ಳುವುದನ್ನು ನಾವು ಬುದ್ಧಿವಂತಿಕೆ ಎಂದುಕೊಂಡಿದ್ದೇವೆ.

ಶಾಸನ ಸಾಲದು, ವಿಜ್ಞಾನ ಬೇಕು ಎನ್ನುವವರಿಗೆ ಅದೂ ಇದೆ. ಹಂಗೆರಿಯ ಬುಡಾಪೆಸ್ಟಿನಲ್ಲಿ ಮಾರ್ತಾ ಗಾಚಿ ಮತ್ತು ಸಂಗಡಿಗರು ನಾಯಿಗಳ ಆಶ್ರಯಧಾಮದಲ್ಲಿದ್ದ ಬೆಳೆದ ನಾಯಿಗಳನ್ನೇ ತೆಗೆದುಕೊಂಡು ಪರೀಕ್ಷಿಸಿ 2001ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಪರಿಚಿತರೊಬ್ಬರು ಮೂರೇ ಮೂರು ಸಲ, ಸ್ವಲ್ಪ ಸ್ವಲ್ಪ ಹೊತ್ತು ಜೊತೆಗಿದ್ದರೂ ಸಾಕು, ಆ ನಾಯಿಗಳು ಅವರನ್ನು ಬೇರೆಯವರಿಂದ ಬೇರ್ಪಡಿಸಿ ಹಚ್ಚಿಕೊಳ್ಳತೊಡಗಿದವು. ನಮ್ಮದೇ ದೇಶದ ಬೀದಿನಾಯಿಗಳ ಮೇಲೆ ಕೋಲ್ಕತ್ತದ ವಿಜ್ಞಾನ ಸಂಸ್ಥೆ ಐಸರ್‌ನಲ್ಲಿ ಅನಿಂದಿತಾ ಭದ್ರಾ ಅವರ ತಂಡ ವರ್ಷಗಳಿಂದ ಕೆಲಸ ಮಾಡುತ್ತಿದೆ. ಅಪರಿಚಿತ ಮನುಷ್ಯನ ಮೇಲೆ ನಂಬಿಕೆ ಬೆಳೆಯಲು ತಿಂಡಿಗಿಂತ ತಲೆ ಸವರುವುದೇ ಹೆಚ್ಚು ಕೆಲಸ ಮಾಡುತ್ತದೆ ಎಂಬುದು ಅವರು 2017ರಲ್ಲಿ ತೋರಿಸಿದ್ದು. ಬಿಸ್ಕೆಟಿಗೆ ಬಾಲ ಅಲ್ಲಾಡಿಸುವ ಜಾತಿ ಎಂದು ನಾವು ಹೀಯಾಳಿಸುವ ಪ್ರಾಣಿಯ ಕತೆ ಇದು.

ಅದೇ ತಂಡ 2016ರಲ್ಲಿ ಹೇಳಿದ ಇನ್ನೊಂದು ಸಂಗತಿ ನನ್ನನ್ನು ಬಿಟ್ಟುಹೋಗಿಲ್ಲ. ಅವರು ಅಧ್ಯಯನ ಮಾಡಿದ ಬೀದಿಮರಿಗಳಲ್ಲಿ ಪ್ರಾಯಕ್ಕೆ ಬರುವ ತನಕ ಉಳಿದದ್ದು ನೂರಕ್ಕೆ ಸುಮಾರು 19 ಮಾತ್ರ. ಹಾಗಾದರೆ ಬೀದಿಯಲ್ಲೇ ಹುಟ್ಟಿ ಎಂಟು ವರ್ಷ ಬದುಕಿದ ನಾಯಿ ಎಂದರೆ ಏನು? ಟ್ರಕ್ಕು, ಕಲ್ಲು, ಜೂನ್ ತಿಂಗಳ ಲೂ ಗಾಳಿ, ಜನವರಿಯ ಮಂಜು, ವಿಷ, ಡಿಸ್ಟೆಂಪರ್ ಎಲ್ಲವನ್ನೂ ದಾಟಿ, ಯಾವ ಮನುಷ್ಯನ ಹತ್ತಿರ ಹೋಗಬೇಕು ಯಾರಿಂದ ದೂರ ಇರಬೇಕು ಎಂದು ಅಳೆಯಲು ಕಲಿತ ಜೀವ. ಅದಕ್ಕೆ ನಾವು ಕೊಡುವ ಬಿರುದು, ‘ಈ ವಯಸ್ಸಿನಲ್ಲಿ ಏನು ಕಲಿಯುತ್ತೆ?’

ಕಲಿಯುತ್ತದೆ. ವಿಯೆನ್ನಾದ ಪ್ರಯೋಗಾಲಯವೊಂದು ಐದು ತಿಂಗಳಿಂದ ಹದಿಮೂರು ವರ್ಷದವರೆಗಿನ 95 ಬಾರ್ಡರ್ ಕಾಲಿ ನಾಯಿಗಳಿಗೆ ಪರದೆ ಮುಟ್ಟಿ ಚಿತ್ರ ಆರಿಸುವ ಪಾಠ ಕೊಟ್ಟಿತು. ಮುದಿ ನಾಯಿಗಳು ನಿಧಾನವಾಗಿ ಕಲಿತವು, ನಿಜ. ಆದರೆ ‘ಇದು ಅಲ್ಲವೆಂದು ಗೊತ್ತು, ಹಾಗಾದರೆ ಅದೇ ಇರಬೇಕು’ ಎಂದು ಊಹಿಸುವ ಪರೀಕ್ಷೆಯಲ್ಲಿ ಚಿಕ್ಕವನ್ನು ಹಿಂದೆ ಹಾಕಿದವು. ಆರು ತಿಂಗಳ ನಂತರದ ನೆನಪಿನಲ್ಲಿ ವಯಸ್ಸಿನ ವ್ಯತ್ಯಾಸವೇ ಕಾಣಲಿಲ್ಲ. ನಿಧಾನ ಬೇರೆ, ಅಸಾಧ್ಯ ಬೇರೆ. ಎರಡನ್ನೂ ಒಂದೇ ಮಾಡಿದ್ದು ನಮ್ಮ ಗಾದೆ.

ಈ ಊರಿನ ಕನ್ನಡಿಗರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ನಾನು ಡೆಪ್ಯುಟೇಷನ್ ಮೇಲೆ ದೆಹಲಿಗೆ ಬಂದಾಗ ನನಗೆ ನಲವತ್ತೊಂದು. ಹಿಂದಿ ಬಾರದು, ಚಳಿ ಗೊತ್ತಿಲ್ಲ, ಚಪಾತಿ ರಾತ್ರಿಯ ಪಲಾರ ಎಂದುಕೊಂಡಿದ್ದವನು. ಮೊದಲ ಮೂರು ತಿಂಗಳು ಆಫೀಸು ಬಿಟ್ಟರೆ ಕೋಣೆ. ಸರೋಜಿನಿ ನಗರದ ತರಕಾರಿಯವನ ಹತ್ತಿರ ಬೆರಳು ತೋರಿಸಿ ಮೂಲಂಗಿ ಕೊಳ್ಳುತ್ತಿದ್ದೆ. ಯಾರೂ ನನ್ನನ್ನು ‘ಮರವಾಗಿದ್ದೀಯ, ವಾಪಸು ಹೋಗು’ ಎನ್ನಲಿಲ್ಲ. ಇವತ್ತು ಆಟೋದವನೊಂದಿಗೆ ಜಗಳವಾಡುವುದೂ ಹಿಂದಿಯಲ್ಲೇ. ಬೀದಿಗೆ ಬಿದ್ದ ಪ್ರಾಣಿಗಳಿಗಾಗಿ 1959ರಲ್ಲಿ ಇದೇ ದೆಹಲಿಯಲ್ಲಿ ಸಂಸ್ಥೆ ಕಟ್ಟಿದ ಕ್ರಿಸ್ಟಲ್ ರೋಜರ್ಸ್ ಬೆಂಗಳೂರಿಗೆ ಹೋಗಿ 1991ರಲ್ಲಿ ಕ್ಯೂಪಾ ಎಂಬ ಇನ್ನೊಂದು ಸಂಸ್ಥೆ ಶುರು ಮಾಡಿದಾಗ ಅವರಿಗೆ ಎಂಬತ್ತು ದಾಟಿತ್ತು. ಮನುಷ್ಯರಿಗೆ ಯಾವ ವಯಸ್ಸಿನಲ್ಲೂ ಹೊಸ ಊರು ಒಗ್ಗಬಹುದು, ನಾಯಿಗೆ ಮಾತ್ರ ಮೂರು ತಿಂಗಳು ದಾಟಿದರೆ ಬಾಗಿಲು ಮುಚ್ಚಿತು ಎನ್ನುವುದಕ್ಕೆ ಆಧಾರವೇನು?

ಆಮೇಲೆ ಖರ್ಚಿನ ಮಾತು. ಮುದಿ ನಾಯಿಗೆ ಕಾಯಿಲೆ ಇದೆ, ನಾನು ಅಲ್ಲಗಳೆಯುವುದಿಲ್ಲ. ಹಲ್ಲಿನ ತೊಂದರೆ, ಕೀಲುನೋವು, ಮೂತ್ರಪಿಂಡ, ಈ ಭಾಗದಲ್ಲಿ ಉಣ್ಣಿಯಿಂದ ಬರುವ ಜ್ವರ. ವರ್ಷಕ್ಕೆರಡು ಸಲ ರಕ್ತಪರೀಕ್ಷೆ ಬೇಕು. ಆದರೆ ಮರಿಯ ಖರ್ಚನ್ನು ಯಾಕೆ ಯಾರೂ ಬರೆದಿಡುವುದಿಲ್ಲ? ಪಾರ್ವೊ ಸೋಂಕು ಬಂದರೆ ವಾರವಿಡೀ ಡ್ರಿಪ್ಪು, ಆದರೂ ಉಳಿಯುವ ಭರವಸೆಯಿಲ್ಲ. ಸೋಫಾ, ಚಪ್ಪಲಿ, ಚಾರ್ಜರ್ ವೈರು. ರಾತ್ರಿ ಎರಡಕ್ಕೆ ಎದ್ದು ಕೆಳಗಿಳಿಯುವ ತಿಂಗಳುಗಳು. ಮುದಿ ನಾಯಿಯ ಖರ್ಚು ಊಹಿಸಬಹುದಾದ ಖರ್ಚು, ಮರಿಯದು ಸಂಭ್ರಮದಲ್ಲಿ ಮರೆತುಹೋಗುವ ಖರ್ಚು. ವ್ಯತ್ಯಾಸ ಅಷ್ಟೆ.

‘ಎಷ್ಟು ದಿನ ಇರುತ್ತೆ? ಹಚ್ಚಿಕೊಂಡ ಮೇಲೆ ಹೋಗಿಬಿಟ್ಟರೆ?’ ಎಂಬುದು ಎಲ್ಲಕ್ಕಿಂತ ನಯವಾದ ನಿರಾಕರಣೆ. ಚೆನ್ನಾಗಿ ನೋಡಿಕೊಂಡ ದೇಸಿ ನಾಯಿ ಹನ್ನೆರಡು ಹದಿನಾಲ್ಕು ವರ್ಷ ಬಾಳುವುದು ಅಪರೂಪವೇನಲ್ಲ. ಒಂಬತ್ತರದ್ದು ನಿಮ್ಮ ಮನೆಗೆ ಬಂದರೆ ಮುಂದೆ ಮೂರೋ ಐದೋ ವರ್ಷ. ಹನ್ನೊಂದು ತಿಂಗಳ ಬಾಡಿಗೆ ಕರಾರಿನ ಮೇಲೆ ಜೀವನ ನಡೆಸುವ, ಎರಡು ವರ್ಷಕ್ಕೊಮ್ಮೆ ಕಂಪನಿ ಬದಲಿಸುವ ಊರು ಇದು. ಹದಿನಾಲ್ಕು ವರ್ಷದ ಮಾತು ಕೊಡಲು ಸಿದ್ಧರಿರುವವರು ನಾಲ್ಕು ವರ್ಷದ ಮಾತಿಗೆ ಹಿಂಜರಿಯುವುದು ವಿಚಿತ್ರ. ಅಮೆರಿಕದಲ್ಲಿರುವ ಮಕ್ಕಳು ಅರವತ್ತೆಂಟರ ಅಪ್ಪನಿಗೆ ಜೊತೆಗಿರಲಿ ಎಂದು ಎರಡು ತಿಂಗಳ ಲ್ಯಾಬ್ರಡಾರ್ ಮರಿ ಕಳಿಸುವುದನ್ನು ಕಂಡಿದ್ದೇನೆ. ಆ ಮರಿಗೆ ಹತ್ತಾದಾಗ ಅಪ್ಪನಿಗೆ ಎಪ್ಪತ್ತೆಂಟು. ಬಾರು ಎಳೆಯುವ ಮೂವತ್ತು ಕಿಲೋ ನಾಯಿಯೊಂದಿಗೆ ದ್ವಾರಕಾದ ಪಾರ್ಕಿನಲ್ಲಿ ಅವರು ಬಿದ್ದರೆ ಸೊಂಟ ಮುರಿಯುತ್ತದೆ, ನಾಯಿ ಬೀದಿಗೆ ಬೀಳುತ್ತದೆ. ನಿವೃತ್ತರ ನಡಿಗೆಯ ವೇಗವೂ ಮುದಿ ನಾಯಿಯ ನಡಿಗೆಯ ವೇಗವೂ ಒಂದೇ. ಇದು ಕೂಡುವ ಲೆಕ್ಕ, ಯಾರೂ ಕೂಡುತ್ತಿಲ್ಲ.

ಕಚ್ಚುವ ಭಯವನ್ನು ಮಾತ್ರ ನಾನು ಹಗುರವಾಗಿ ತಳ್ಳಿಹಾಕಲಾರೆ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವುದು ಇಲ್ಲವೆನ್ನುವಷ್ಟು ಅಪರೂಪ. ಮಗುವನ್ನು ಕಳೆದುಕೊಂಡ ತಾಯಿಯ ಮುಂದೆ ನಾಯಿಪ್ರೀತಿಯ ಭಾಷಣ ಮಾಡುವವರ ಪೈಕಿ ನಾನಲ್ಲ. ಕೆಲವು ನಾಯಿಗಳು ಚಿಕ್ಕ ಮಕ್ಕಳಿರುವ ಮನೆಗೆ ಸಲ್ಲವು, ಅದನ್ನು ಬಾಯಿಬಿಟ್ಟು ಹೇಳಬೇಕು. ಆದರೆ ಇಲ್ಲಿಯೂ ಮರಿವಾದಿಗಳ ಲೆಕ್ಕ ತಲೆಕೆಳಗು. ರೇಬೀಸ್ ಲಸಿಕೆ ಸಾಮಾನ್ಯವಾಗಿ ಶುರುವಾಗುವುದೇ ಮೂರು ತಿಂಗಳಿಗೆ. ರಸ್ತೆಬದಿಯಿಂದ ಎತ್ತಿ ತಂದು ಮಕ್ಕಳ ಕೈಗೆ ಕೊಡುವ ಒಂದೂವರೆ ತಿಂಗಳ ಮುದ್ದು ಮರಿಗೆ ಆ ರಕ್ಷಣೆ ಇನ್ನೂ ಸಿಕ್ಕಿಯೇ ಇಲ್ಲ. ಲಸಿಕೆ ಹಾಕಿಸಿ, ಸಂತಾನಶಕ್ತಿ ಹರಣವಾಗಿ, ತಿಂಗಳುಗಟ್ಟಲೆ ಯಾರದೋ ಮನೆಯಲ್ಲಿ ತಾತ್ಕಾಲಿಕವಾಗಿ ಇದ್ದು ನಡತೆ ತಿಳಿದಿರುವ ನಾಯಿಯ ಬಗ್ಗೆಯೇ ಅವರಿಗೆ ಹೆದರಿಕೆ.

2025ರ ಆಗಸ್ಟಿನಲ್ಲಿ ಈ ಹೆದರಿಕೆಗೆ ಸುಪ್ರೀಂ ಕೋರ್ಟಿನ ಕಟಕಟೆಯೂ ಸಿಕ್ಕಿತು. 11ರಂದು ಇಬ್ಬರು ನ್ಯಾಯಮೂರ್ತಿಗಳ ಪೀಠ ದೆಹಲಿ, ನೋಯ್ಡಾ, ಗಾಜಿಯಾಬಾದ್, ಗುರುಗ್ರಾಮ, ಫರೀದಾಬಾದುಗಳ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯಧಾಮಕ್ಕೆ ಹಾಕಿ ಎಂದಿತು. 22ರಂದು ಮೂವರ ಪೀಠ ಅದನ್ನು ತಿದ್ದಿ, ಲಸಿಕೆ ಮತ್ತು ಸಂತಾನಹರಣ ಶಸ್ತ್ರಚಿಕಿತ್ಸೆ ಆದವನ್ನು ಹಿಡಿದಲ್ಲಿಗೇ ಬಿಡಿ, ರೇಬೀಸ್ ಇರುವ, ಶಂಕೆಯಿರುವ, ಮೇಲೆ ಬೀಳುವ ನಾಯಿಗಳನ್ನು ಮಾತ್ರ ಬಿಡಬೇಡಿ ಎಂದಿತು. ನವೆಂಬರ್ 7ರ ಆದೇಶ ಶಾಲೆ, ಆಸ್ಪತ್ರೆ, ಬಸ್ ಡಿಪೊ, ರೈಲು ನಿಲ್ದಾಣಗಳ ಆವರಣದ ನಾಯಿಗಳನ್ನು ತೆಗೆಯಿರಿ, ಮತ್ತೆ ಅಲ್ಲಿಗೆ ತರಬೇಡಿ ಎಂದಿತು. ಊರು ಎರಡು ಪಾಳಯವಾಯಿತು. ಜಂತರ್ ಮಂತರ್ ಕಡೆಗೊಂದು, ಟಿವಿ ಸ್ಟುಡಿಯೋ ಕಡೆಗೊಂದು. ಇರಲಿ ಎನ್ನುವವರು, ಇರಕೂಡದು ಎನ್ನುವವರು.

ಆಗಸ್ಟ್ 22ರ ಆದೇಶದಲ್ಲಿದ್ದ ಒಂದು ಸಾಲನ್ನು ಮಾತ್ರ ಎರಡೂ ಪಾಳಯದವರು ಓದಲಿಲ್ಲ. ಇಷ್ಟವಿದ್ದವರು ಪಾಲಿಕೆಗೆ ಅರ್ಜಿ ಹಾಕಿ ಬೀದಿನಾಯಿಯನ್ನು ದತ್ತು ತೆಗೆದುಕೊಳ್ಳಬಹುದು, ಅದು ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವುದು ಅವರ ಹೊಣೆ ಎಂಬ ಸಾಲು. ಆಸ್ಪತ್ರೆಯ ಆವರಣದಲ್ಲಿ ವಾರ್ಡ್ ಬಾಯ್ ಹಾಕಿದ ರೊಟ್ಟಿ ತಿಂದು ಏಳೆಂಟು ವರ್ಷ ಕಳೆದ ನಾಯಿಗೆ ಈಗ ಹಳೆಯ ಜಾಗವಿಲ್ಲ. ಮನೆ ಸಿಗದಿದ್ದರೆ ಸಾಯುವ ತನಕ ಕಟಾಂಜನ. ರಾಜಾ ಗಾರ್ಡನ್ನಿನ ಸಂಜಯ್ ಗಾಂಧಿ ಅನಿಮಲ್ ಕೇರ್ ಸೆಂಟರ್ ಇರಲಿ, ಡಿಫೆನ್ಸ್ ಕಾಲೊನಿಯ ಫ್ಲೈಓವರಿನ ಕೆಳಗೆ ಕೆಲಸ ಮಾಡುವ ಫ್ರೆಂಡಿಕೋಸ್ ಇರಲಿ, ಅವು ಆಸ್ಪತ್ರೆಗಳು, ತುರ್ತಿನ ತಾಣಗಳು. ಮುರಿದ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡವನು ಜೀವನವಿಡೀ ಸಫ್ದರ್‌ಜಂಗ್ ಆಸ್ಪತ್ರೆಯ ಹಾಸಿಗೆಯಲ್ಲೇ ಇರಲಿ ಎನ್ನುತ್ತೇವೆಯೇ? ‘ಯಾವುದಾದರೂ ಶೆಲ್ಟರಿಗೆ ಕೊಟ್ಟುಬಿಡಿ, ಅಲ್ಲಿ ಅದಕ್ಕೆ ಜೊತೆ ಇರುತ್ತೆ’ ಎಂಬ ಮಾತು ವೃದ್ಧಾಶ್ರಮದ ಬಗ್ಗೆ ನಾವು ಆಡುವ ಮಾತಿನ ತದ್ರೂಪು. ನೂರು ನಾಯಿ ಬೊಗಳುವಲ್ಲಿ ಕಿವಿ ಮಂದವಾದ, ಕಾಲು ಸೋತ ನಾಯಿ ಅನ್ನದ ತಟ್ಟೆಯ ತನಕವೂ ತಲುಪುವುದಿಲ್ಲ.

ಈಗ ನಮ್ಮ ಪಾಳಯಕ್ಕೂ ಎರಡು ಮಾತು. ಮುದಿ ನಾಯಿಗೆ ಮನೆ ಸಿಗದಿರುವುದಕ್ಕೆ ಮರಿಮೋಹ ಅರ್ಧ ಕಾರಣವಾದರೆ ನಮ್ಮ ಕರುಣಾರಸ ಇನ್ನರ್ಧ. ಕಣ್ಣೀರು ತುಂಬಿದ ಚಿತ್ರ, ‘ಇವನ ಕೊನೆಯ ದಿನಗಳನ್ನು ಬೆಳಗಿಸುವಿರಾ’ ಎಂಬ ಮೊರೆ, ಜೊತೆಗೆ ಧರ್ಮರಾಯನ ನಾಯಿಯ ಕತೆ. ಓದಿದವರು ಅಯ್ಯೋ ಪಾಪ ಎಂದು ಮುಂದೆ ಹೋಗುತ್ತಾರೆ. ಪಾಪ ಎನಿಸಿದ್ದನ್ನು ಯಾರೂ ಮನೆಗೆ ಕರೆಯುವುದಿಲ್ಲ, ಕಾಸು ಹಾಕಿ ಕಳಿಸುತ್ತಾರೆ. ಧರ್ಮರಾಯನ ಕತೆಯಲ್ಲೂ ನಾವು ಮುಖ್ಯವಾದದ್ದನ್ನೇ ಬಿಡುತ್ತೇವೆ. ಆ ನಾಯಿಯನ್ನು ಅವನು ಮರಿಯಿಂದ ಸಾಕಿದ್ದಲ್ಲ. ಹಸ್ತಿನಾವತಿ ಬಿಟ್ಟು ಹೊರಟಾಗ ತಾನಾಗಿ ಹಿಂದೆ ಬಂದದ್ದು. ಅದು ಯಮಧರ್ಮ ಎಂಬುದು ಇಂದ್ರನ ರಥ ನಿರಾಕರಿಸುವಾಗ ಅವನಿಗೆ ತಿಳಿದಿರಲೂ ಇಲ್ಲ. 2022ರಲ್ಲಿ ‘777 ಚಾರ್ಲಿ’ ನೋಡಿ ಥಿಯೇಟರಿನಲ್ಲಿ ಬಿಕ್ಕಿದ ನಾವು ಅಲ್ಲಿಯೂ ಇದನ್ನು ಗಮನಿಸಲಿಲ್ಲ. ಹಿಂಸೆ ಕೊಡುವ ಮನೆಯಿಂದ ತಪ್ಪಿಸಿಕೊಂಡು ಬಂದ ನಾಯಿ, ಅದನ್ನು ಒಲ್ಲದ ಮನಸ್ಸಿನಿಂದ ಒಳಗೆ ಬಿಟ್ಟ ನಾಯಕ. ಅವನ ಹೆಸರೂ ಧರ್ಮನೇ.

ಇನ್ನೊಂದು ತಪ್ಪು ಇದಕ್ಕಿಂತ ಕೆಟ್ಟದ್ದು. ಸಿಕ್ಕಿದರೆ ಸಾಕೆಂದು ಅವಗುಣ ಮುಚ್ಚಿ ನಾಯಿ ಕೊಡುವುದು. ತಟ್ಟೆಗೆ ಕೈಹಾಕಿದರೆ ಗುರ್ ಎನ್ನುತ್ತದೆ ಎಂಬುದನ್ನು ಹೇಳದೆ, ಗಂಡಸರ ದೊಡ್ಡ ದನಿಗೆ ಹೆದರಿ ಉಚ್ಚೆ ಮಾಡಿಕೊಳ್ಳುತ್ತದೆ ಎಂಬುದನ್ನು ಹೇಳದೆ, ‘ಎಲ್ಲರೊಂದಿಗೂ ಫ್ರೆಂಡ್ಲಿ’ ಎಂದು ಬರೆಯುತ್ತೇವೆ. ಹತ್ತನೇ ದಿನ ನಾಯಿ ವಾಪಸು ಬರುತ್ತದೆ, ಮೊದಲಿಗಿಂತ ಮುದುಡಿಕೊಂಡು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡಿಸಬಹುದೇನೋ, ಒಂದು ಸುಳ್ಳು ಹೇಳಿಯೂ ನಾಯಿಗೆ ಮನೆ ಮಾಡಿಕೊಡಲಾಗದು. ಯಾವ ಮನೆಯಾದರೂ ಬೀದಿಗಿಂತ ಮೇಲು ಎಂಬುದೂ ಅವಸರದ ಮಾತೇ. ಅವಸರದ ಮನೆ ನಾಯಿಯನ್ನು ಎರಡನೆಯ ಸಲ ಬೀದಿಗೆ ತಳ್ಳುತ್ತದೆ.

ಹಾಗಾದರೆ ಬೇಕಾದ್ದೇನು? ತಾಳ್ಮೆ. ಈ ಪದವನ್ನು ನಾವು ಸದ್ಗುಣಗಳ ಪಟ್ಟಿಗೆ ಸೇರಿಸಿ ಕೆಡಿಸಿದ್ದೇವೆ. ನಾಯಿಯ ವಿಷಯದಲ್ಲಿ ತಾಳ್ಮೆ ಎಂದರೆ ಸಂತನ ಮನಸ್ಸಲ್ಲ, ಏನು ಮಾಡಬಾರದು ಎಂಬುದರ ಸಣ್ಣ ಪಟ್ಟಿ. ಬಂದ ದಿನವೇ ಸ್ನಾನ ಮಾಡಿಸಬಾರದು. ನೆಂಟರನ್ನು ಕರೆದು ತೋರಿಸಬಾರದು. ಹಳೆಯ ಹೆಸರು ಬದಲಿಸಬಾರದು. ಮೊದಲ ವಾರ ಬಾರಿಲ್ಲದೆ ಬಾಗಿಲು ತೆಗೆಯಬಾರದು, ಗಾಬರಿಬಿದ್ದ ನಾಯಿ ಹಳೆಯ ಜಾಗ ಹುಡುಕಿಕೊಂಡು ಓಡುತ್ತದೆ. ನಯವಾದ ಟೈಲ್ಸಿನ ಮೇಲೆ ಕೀಲುನೋವಿನ ಕಾಲು ಜಾರುತ್ತದೆ, ಹಳೆಯ ಯೋಗಾಮ್ಯಾಟ್ ಹಾಸಿದರೆ ಅದು ಅಡುಗೆಮನೆಯ ತನಕ ಬರುವ ಧೈರ್ಯ ಮಾಡುತ್ತದೆ. ದೀಪಾವಳಿಗೆ ಎರಡು ವಾರ ಮುಂಚಿನಿಂದ ನಮ್ಮ ಗುಂಪು ಯಾವ ನಾಯಿಯನ್ನೂ ಹೊಸ ಮನೆಗೆ ಕಳಿಸುವುದಿಲ್ಲ. ಈ ಕೆಲಸದಲ್ಲಿರುವವರು ಮೂರು ದಿನ, ಮೂರು ವಾರ, ಮೂರು ತಿಂಗಳು ಎಂಬ ಒಂದು ಕೈಲೆಕ್ಕ ಹೇಳುತ್ತಾರೆ. ಮೂರು ದಿನ ಹೆದರಿಕೆ ಇಳಿಯಲು, ಮೂರು ವಾರ ಮನೆಯ ರೂಢಿ ತಿಳಿಯಲು, ಮೂರು ತಿಂಗಳು ಇದು ನನ್ನದೇ ಎನಿಸಲು. ಶಾಸ್ತ್ರವಲ್ಲ, ಅಂದಾಜು. ಆದರೆ ಹತ್ತನೇ ದಿನ ನಾಯಿ ವಾಪಸು ತಂದವರಲ್ಲಿ ಈ ಲೆಕ್ಕ ಕೇಳಿಸಿಕೊಂಡವರು ನನಗೆ ಸಿಕ್ಕಿಲ್ಲ.

ಕಾಲೂ ನಮ್ಮ ಮನೆಯಲ್ಲಿ ಐದು ತಿಂಗಳಿದ್ದ. ಮೊದಲ ಮೂರು ದಿನ ಬಾಲ್ಕನಿಯ ವಾಷಿಂಗ್ ಮೆಷಿನ್ ಹಿಂದೆ. ನಾವು ಬೆನ್ನು ತಿರುಗಿಸಿ ಕೂತರೆ ಮಾತ್ರ ಊಟ. ಕುಕ್ಕರ್ ಸೀಟಿಗೆ ಹೆದರಲಿಲ್ಲ, ನೆಲ ಒರೆಸುವ ವೈಪರ್ ಕೋಲು ಕಂಡರೆ ಗೋಡೆಗೆ ಅಂಟಿಕೊಳ್ಳುತ್ತಿದ್ದ. ಆ ಕೋಲಿನ ಕತೆ ಏನೆಂದು ನಾವು ಕೇಳಲು ಯಾರೂ ಇರಲಿಲ್ಲ. ನನ್ನಾಕೆ ಬಟ್ಟೆ ಹಿಡಿದು ಕೂತು ನೆಲ ಒರೆಸತೊಡಗಿದಳು. ಇಪ್ಪತ್ತನೇ ದಿನದ ಹೊತ್ತಿಗೆ ಅವಳು ಒರೆಸಿ ಮುಗಿಸಿದ ಒದ್ದೆ ನೆಲದ ಮೇಲೆ ಬಂದು ಮಲಗತೊಡಗಿದ. ನಮ್ಮ ಬಾಯಲ್ಲಿ ಕಾಲೂ ಹೋಗಿ ಕಾಳ ಆಗಿದ್ದ, ಆ ಹೆಸರಿಗೂ ಕಿವಿ ನಿಮಿರಿಸುತ್ತಿದ್ದ. ನಾನೇ ಬರೆದ ನಿಯಮ ನಾನೇ ಮುರಿದಿದ್ದೆ.

ಕೊನೆಗೆ ಸಿಕ್ಕಿದ್ದು ಫರೀದಾಬಾದಿನ ನಿವೃತ್ತ ದಂಪತಿ, ಬಿಹಾರದವರು. ಅವರಿಗೂ ಮೊದಲು ಬೇಕಿದ್ದದ್ದು ಮರಿಯೇ. ಬಂದು ಸುಮ್ಮನೆ ಕೂತು ಹೋಗಿ, ಮುಟ್ಟಬೇಡಿ, ಕರೆಯಬೇಡಿ ಎಂದೆ. ಮೊದಲ ಸಲ ಕಾಳ ಬಾಲ್ಕನಿಯಿಂದ ಹೊರಬರಲಿಲ್ಲ. ಎರಡನೆಯ ಸಲ ಬಾಗಿಲ ತನಕ ಬಂದ. ಮೂರನೆಯ ಸಲ ಯಜಮಾನರು ಪತ್ರಿಕೆ ಓದುತ್ತ ಕೂತಿದ್ದಾಗ ಅವರ ಚಪ್ಪಲಿ ಮೂಸಿ, ಪಕ್ಕದಲ್ಲಿ ಒಂದು ಗೇಣು ಬಿಟ್ಟು ಮಲಗಿದ. ಅವರು ಪತ್ರಿಕೆಯ ಪುಟ ತಿರುಗಿಸಲಿಲ್ಲ. ಸದ್ದಾದೀತೆಂದು ಒಂದೇ ಪುಟವನ್ನು ಅರ್ಧ ಗಂಟೆ ಹಿಡಿದಿದ್ದರು. ಮನೆ ಸಿಕ್ಕಿತೆಂದು ನನಗೆ ಆಗ ಗೊತ್ತಾಯಿತು. ಅರ್ಜಿ, ಮನೆ ತಪಾಸಣೆ, ಸಹಿ ಎಲ್ಲ ಆಮೇಲಿನದು.

ಗಾದೆ ಮಾಡಿದವರು ಮರವನ್ನು ಬಗ್ಗಿಸುವ ಮಾತನ್ನೇ ಆಡಿದರು. ಅದು ಬಗ್ಗಬೇಕಾದ್ದು ಯಾಕೆ ಎಂದು ಕೇಳಲಿಲ್ಲ. ಬೆಳೆದ ಮರದ ಕೆಳಗೆ ಹೋಗಿ ಕೂರುವವನು ತಾನೇ ಒಂದಿಷ್ಟು ತಲೆ ಬಗ್ಗಿಸುತ್ತಾನೆ.

ಮೊನ್ನೆ ಮತ್ತೆ ಫೋನು ಬಂತು, ವೈಶಾಲಿಯಿಂದ, ನಮ್ಮ ಹಾಸನದ ಕಡೆಯವರೇ. ಮರಿ ಇದ್ರೆ ಹೇಳಿ ಎಂದರು. ಮರಿ ಇಲ್ಲ, ಎಂಟು ವರ್ಷದ್ದೊಂದು ಹೆಣ್ಣಿದೆ, ಎಡಗಿವಿ ಅರ್ಧ ಇಲ್ಲ, ಹೊಸಬರು ಕೈ ಚಾಚಿದರೆ ಹಿಂದೆ ಸರಿಯುತ್ತದೆ ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಭಾನುವಾರ ಬನ್ನಿ, ಬರುವಾಗ ಓದಲು ಏನಾದರೂ ತನ್ನಿ ಎಂದೆ.